ಬ್ಯಾಟರಿ ಸೋಲ್ಡರಿಂಗ್ ಐರನ್ ನಂಬಿ ಬೇಲಿ ರಿಪೇರಿ ಮಾಡಿದ್ದು: ನನ್ನ ಅನುಭವ

ಎರಡು ವರ್ಷದ ಹಿಂದೆ, ಆರಿದ್ರಾ ಮಳೆ ಹಿಡಿದಿದ್ದ ಸಮಯ. ಸಕಲೇಶಪುರ ಕಡೆಯ ಒಂದು ತೋಟದಲ್ಲಿ ಸೋಲಾರ್ ಬೇಲಿಯ ಮೆಷಿನ್, ಅಂದರೆ ತಂತಿಗೆ ಶಾಕ್ ಹರಿಸುವ ಪೆಟ್ಟಿಗೆ, ನಿಂತಿದೆ ಎಂದು ಕರೆದರು. ಸಂಜೆ ಆರೂವರೆಗೆ ರಿಪೇರಿ ಮುಗಿಸಿ, ಮೆಷಿನ್ನಿನ ಟಕ್ ಟಕ್ ಸದ್ದು ಮನೆಯವರಿಗೂ ಕೇಳಿಸಿ, ಇನ್ನು ಹೆದರಬೇಡಿ ಎಂದು ಹೇಳಿ ಬಂದೆ. ಬೆಳಿಗ್ಗೆ ಏಳಕ್ಕೆ ಅವರದೇ ಫೋನ್. ರಾತ್ರಿ ಆನೆ ಇಳಿದಿತ್ತು. ಗೊನೆ ಬಿಟ್ಟ ಬಾಳೆ ಮೂವತ್ತಕ್ಕೂ ಹೆಚ್ಚು ನೆಲಕ್ಕೆ ಬಿದ್ದಿದ್ದವು, ಜೊತೆಗೆ ಎರಡು ಎಳೆ ಅಡಿಕೆ ಸಸಿ. ಬೇಲಿಯ ತಂತಿ ಎಲ್ಲೂ ಕಡಿದಿರಲಿಲ್ಲ. ಮೆಷಿನ್ ಮಾತ್ರ ಸುಮ್ಮನಿತ್ತು.

ಪೆಟ್ಟಿಗೆ ಬಿಚ್ಚಿ ನೋಡಿದೆ. ಬ್ಯಾಟರಿಯಿಂದ ಬರುವ ಪಾಸಿಟಿವ್ ತಂತಿ ಬೋರ್ಡಿಗೆ ಸೇರುವ ಜಾಗದಲ್ಲಿ ನಾನು ಹಿಂದಿನ ಸಂಜೆ ಹಾಕಿದ್ದ ಸೋಲ್ಡರ್, ಅಂದರೆ ಕರಗಿಸಿ ಹಾಕುವ ಬೆಸುಗೆ, ಇತ್ತು. ಮೇಲ್ನೋಟಕ್ಕೆ ಗುಂಡಗೆ, ತುಂಬಿಕೊಂಡಂತೆ ಕಾಣುತ್ತಿತ್ತು. ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ತಿರುಗಿಸಿದೆ. ಹಲಸಿನ ತೊಳೆಯಿಂದ ಬೀಜ ಜಾರಿದ ಹಾಗೆ ಸೋಲ್ಡರ್ ಗುಂಡಿನೊಳಗಿಂದ ತಂತಿ ಹೊರಗೆ ಬಂತು. ಒಳಗಿನ ತಾಮ್ರಕ್ಕೆ ಸೋಲ್ಡರ್ ಅಂಟಿಯೇ ಇರಲಿಲ್ಲ. ನಮ್ಮ ಕೆಲಸದವರು ಇದನ್ನು ಡ್ರೈ ಸೋಲ್ಡರ್ ಅನ್ನುತ್ತೇವೆ. ಮುಚ್ಚಳ ಹಾಕುವಾಗ ತಂತಿ ಒತ್ತಿಕೊಂಡು ತಾತ್ಕಾಲಿಕವಾಗಿ ತಾಗಿತ್ತು, ರಾತ್ರಿ ಯಾವಾಗಲೋ ಬಿಟ್ಟುಕೊಂಡಿತು. ಆ ಸೋಲ್ಡರ್ ಹಾಕಿದ್ದು ಬ್ಯಾಟರಿಯಿಂದ ಕಾಯುವ ಸೋಲ್ಡರಿಂಗ್ ಐರನ್‌ನಲ್ಲಿ. ರಿಪೇರಿ ದುಡ್ಡು ವಾಪಸ್ ಕೊಟ್ಟೆ. ಬಾಳೆಯ ದುಡ್ಡನ್ನು ಅವರು ಕೇಳಲಿಲ್ಲ, ನನಗೆ ಕೊಡಲು ಆಗುತ್ತಲೂ ಇರಲಿಲ್ಲ. ಆದರೆ ಅಂದಿನಿಂದ ಈ ಉಪಕರಣದ ಬೆನ್ನು ಬಿದ್ದೆ. ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂದು ಅಳೆದು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹದಿನೇಳು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಯುಪಿಎಸ್, ಪಂಪ್ ಸ್ಟಾರ್ಟರ್, ಸೋಲಾರ್ ದೀಪ, ಬೇಲಿ ಮೆಷಿನ್ ಎಲ್ಲ ಬರುತ್ತವೆ. ಆಲೂರು, ಸಕಲೇಶಪುರದ ಸುತ್ತ ಆನೆ ಹಾವಳಿ ಇರುವುದರಿಂದ ಬೇಲಿಯ ಕೆಲಸವೇ ಹೆಚ್ಚು. ಬೇಲಿಯ ಪೆಟ್ಟಿಗೆ ಇರುವುದು ಗದ್ದೆಯ ಅಂಚಿನಲ್ಲೋ ತೋಟದ ಮೂಲೆಯಲ್ಲೋ. ಮನೆಯ ಕರೆಂಟ್ ಅಲ್ಲಿಂದ ಅರ್ಧ ಕಿಲೋಮೀಟರ್ ದೂರ. ಮೊದಲೆಲ್ಲ ಮೆಷಿನ್ ಬಿಚ್ಚಿ ಅಂಗಡಿಗೆ ತಂದು, 25 ವ್ಯಾಟಿನ ಮಾಮೂಲಿ ಐರನ್‌ನಲ್ಲಿ ಮಾಡಿ ಮರುದಿನ ಕಟ್ಟುತ್ತಿದ್ದೆ. ಅಂದರೆ ಒಂದು ರಾತ್ರಿ ಬೇಲಿ ಸತ್ತಿರುತ್ತಿತ್ತು. ಒಂದು ರಾತ್ರಿ ಸಾಕು. ಹಾಗಾಗಿ ಜಾಗದಲ್ಲೇ ಸೋಲ್ಡರ್ ಹಾಕುವ ಹಾಗಾದರೆ ಎಷ್ಟು ಒಳ್ಳೆಯದು ಎಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು.

ಮೊದಲು ತಂದದ್ದು ಮೂರು ಪೆನ್ಸಿಲ್ ಸೆಲ್ ಹಾಕುವ ಐರನ್. 4.5 ವೋಲ್ಟ್, 6 ವ್ಯಾಟ್. ಇಯರ್‌ಫೋನ್ ತಂತಿಗಿಂತ ದಪ್ಪದ್ದಕ್ಕೆ ಅದು ಆಗದು, ಅದರ ಕಥೆ ಇಷ್ಟೇ. ಆಮೇಲೆ ಯುಎಸ್‌ಬಿಯದು, 5 ವೋಲ್ಟ್, 8 ವ್ಯಾಟ್, ಪವರ್ ಬ್ಯಾಂಕಿಗೆ ಸಿಕ್ಕಿಸುವಂಥದ್ದು. ಅದು ಅರ್ಧ ನಿಮಿಷ ಕೈಯಲ್ಲಿ ಅಲುಗಾಡದಿದ್ದರೆ ತಾನೇ ಮಲಗುತ್ತದೆ. ಅದು ಮಲಗಿದರೆ ಲೋಡ್ ಇಲ್ಲ ಎಂದು ಪವರ್ ಬ್ಯಾಂಕೂ ಆಫ್ ಆಗುತ್ತದೆ. ತಂತಿ ಸುಲಿದು ತಿರುಗುವಷ್ಟರಲ್ಲಿ ಎರಡೂ ತಣ್ಣಗೆ. ಮೂರನೆಯದು ಹಿಡಿಯೊಳಗೇ ಲಿಥಿಯಂ ಸೆಲ್ ಇದ್ದದ್ದು, ಅದೂ 8 ವ್ಯಾಟಿನ ಆಸುಪಾಸು. ಒಂದೇ ಗುಂಡಿ, ಮೂರು ಬಣ್ಣದ ದೀಪ: 300, 380, 450 ಡಿಗ್ರಿ. ಇಪ್ಪತ್ತು ಸೆಕೆಂಡಿಗೆ ಸೋಲ್ಡರ್ ಕರಗಿಸಿತು. ಅಂಗಡಿಯ ಮೇಜಿನ ಮೇಲೆ ಸಣ್ಣ ಎಲ್‌ಇಡಿ ತಂತಿಗಳನ್ನು ಪಟಪಟ ಜೋಡಿಸಿದೆ. ಬಂತು ನನಗೆ ಬೇಕಾದದ್ದು ಅಂದುಕೊಂಡೆ. ಬಾಳೆ ಹೋದದ್ದು ಇದೇ ಐರನ್‌ನ ಸೋಲ್ಡರಿನಿಂದ.

ತಪ್ಪು ಎಲ್ಲಿತ್ತು? ತಾಪ ಮತ್ತು ಶಾಖ ಎರಡೂ ಒಂದೇ ಅಂದುಕೊಂಡಿದ್ದೆ, ಅಲ್ಲಿ. ಮನೆಯಲ್ಲಿ ದೋಸೆ ಹುಯ್ಯುವವರಿಗೆ ಇದು ಚೆನ್ನಾಗಿ ಗೊತ್ತು. ತೆಳು ತಗಡಿನ ಕಾವಲಿಯೂ ಕಾಯುತ್ತದೆ, ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತದೆ. ಒಂದು ಸೌಟು ಹಿಟ್ಟು ಹುಯ್ದ ಕೂಡಲೆ ಅದು ತಣ್ಣಗಾಗಿ ದೋಸೆ ಅಂಟಿಕೊಳ್ಳುತ್ತದೆ. ಎರಕದ ಕಬ್ಬಿಣದ ಕಾವಲಿ ಅದೇ ತಾಪದಲ್ಲಿದ್ದರೂ ಹಿಟ್ಟಿಗೆ ಕೊಡಲು ಅದರ ಹೊಟ್ಟೆಯಲ್ಲಿ ಶಾಖ ಕೂಡಿಟ್ಟಿರುತ್ತದೆ.

ಲೆಕ್ಕ ಹಾಕಿಯೂ ನೋಡಿದೆ. ಒಂದು ಗ್ರಾಂ ತಾಮ್ರವನ್ನು ಒಂದು ಡಿಗ್ರಿ ಬಿಸಿ ಮಾಡಲು 0.385 ಜೂಲ್ ಬೇಕು. ದಪ್ಪ ತಂತಿಯ ತುದಿಗೆ ಹಾಕಿ ಬೋಲ್ಟಿಗೆ ಬಿಗಿಯುವ ತಾಮ್ರದ ತುಣುಕು, ಅಂದರೆ ಲಗ್, ಹತ್ತು ಗ್ರಾಂ ಇದೆ ಅನ್ನಿ. ಅದನ್ನು 30 ಡಿಗ್ರಿಯಿಂದ 200 ಡಿಗ್ರಿಗೆ ಏರಿಸಲು ಸುಮಾರು 650 ಜೂಲ್ ಬೇಕು. 8 ವ್ಯಾಟ್ ಅಂದರೆ ಸೆಕೆಂಡಿಗೆ 8 ಜೂಲ್. ಒಂದು ಹನಿ ಶಾಖವೂ ಪೋಲಾಗದಿದ್ದರೆ ಎಂಬತ್ತು ಸೆಕೆಂಡ್! ಆದರೆ ಪೋಲಾಗದೆ ಇರುವುದಿಲ್ಲ. ತಾಮ್ರದ ತಂತಿ ಶಾಖವನ್ನು ಆ ಕಡೆಯಿಂದ ಎಳೆದುಕೊಂಡು ಹೋಗುತ್ತಲೇ ಇರುತ್ತದೆ, ಗಾಳಿಗೂ ಹೋಗುತ್ತದೆ. ಹಾಗಾಗಿ ಎಂಬತ್ತಲ್ಲ, ಎಷ್ಟು ಹೊತ್ತು ಹಿಡಿದರೂ ಅದು 200 ಮುಟ್ಟುವುದಿಲ್ಲ. ಹೋಗುವಷ್ಟೇ ಬರುತ್ತಿರುತ್ತದೆ.

ಇನ್ನು ಕೂಡಿಟ್ಟ ಶಾಖ. ಎರಡೂ ಐರನ್‌ಗಳ ತುದಿ ಬಿಚ್ಚಿ ತೂಕ ಹಾಕಿದೆ. ನನ್ನ ಹಳೆಯ 60 ವ್ಯಾಟಿನ ಐರನ್‌ನ ತಾಮ್ರದ ಬಿಟ್ 22 ಗ್ರಾಂ. ಬ್ಯಾಟರಿಯದರ ತುದಿ 2 ಗ್ರಾಂ. 350 ಡಿಗ್ರಿಯಿಂದ 200ಕ್ಕೆ ಇಳಿಯುವಷ್ಟರಲ್ಲಿ ದೊಡ್ಡದು 1,270 ಜೂಲ್ ಬಿಟ್ಟುಕೊಡುತ್ತದೆ, ಚಿಕ್ಕದು 115. ಮಲ್ಟಿಮೀಟರಿನ ತಾಪ ಅಳೆಯುವ ಥರ್ಮೋಕಪಲ್ ತುದಿಯನ್ನು ಐರನ್‌ಗೆ ತಾಗಿಸಿಟ್ಟು ಲಗ್ ಮೇಲೆ ಒತ್ತಿ ನೋಡಿದೆ. 380ರ ದೀಪ ಉರಿಯುತ್ತಲೇ ಇತ್ತು, ತುದಿ ಮಾತ್ರ ನಾಲ್ಕೈದು ಸೆಕೆಂಡಿನಲ್ಲಿ 190ಕ್ಕೆ ಬಂದು ಕೂತಿತು. ನಾವು ಬಳಸುವ 60-40 ಸೋಲ್ಡರ್ (ತವರ 60 ಪಾಲು, ಸೀಸ 40) 183 ಡಿಗ್ರಿಯಲ್ಲಿ ಮೆದುವಾಗತೊಡಗಿ 190ರ ಹತ್ತಿರ ಪೂರ್ತಿ ಕರಗುತ್ತದೆ. ಇಲ್ಲೇ ಮೋಸ ಹೋಗುವುದು. ತುದಿಗೆ ತಾಗಿದ ಸೋಲ್ಡರ್ ಕರಗುತ್ತದೆ, ಕೆಳಗಿನ ತಾಮ್ರ ಇನ್ನೂ ನೂರೈವತ್ತರಲ್ಲಿರುತ್ತದೆ. ಕರಗಿದ್ದು ತಣ್ಣನೆಯ ತಾಮ್ರದ ಮೇಲೆ ಕೂತು, ಕೆಸುವಿನ ಎಲೆ ಮೇಲಿನ ನೀರಿನಂತೆ ಗುಂಡಾಗಿ ಗಟ್ಟಿಯಾಗುತ್ತದೆ. ಸಂಜೆಯ ಮಬ್ಬಿನಲ್ಲಿ, ಟಾರ್ಪಾಲಿನ ಕೆಳಗೆ, ಕಣ್ಣಿಗೆ ಅದು ಸರಿಯಾದ ಸೋಲ್ಡರಿನಂತೆಯೇ ಕಾಣುತ್ತದೆ. ಸರಿಯಾದದ್ದು ತಾಮ್ರದ ಮೇಲೆ ಹರಡಿ ಅಂಚಿನಲ್ಲಿ ತೆಳ್ಳಗಾಗಿರಬೇಕು. ಗುಂಡಗೆ ನಿಂತರೆ ಅನುಮಾನಿಸಬೇಕು.

ಶಾಖ ಸಾಲದಿದ್ದಾಗ ಎಲ್ಲರ ಕೈಯೂ ತಾಪ ಏರಿಸುವ ಗುಂಡಿಗೆ ಹೋಗುತ್ತದೆ. ನಾನೂ 450 ಮಾಡುತ್ತಿದ್ದೆ. ಅದರಿಂದ ವ್ಯಾಟ್ ಹೆಚ್ಚುವುದಿಲ್ಲ, ಸೆಲ್ ಕೊಡುವಷ್ಟೇ ಕೊಡುತ್ತದೆ. ಮುಟ್ಟುವ ಮೊದಲು ತುದಿ ಹೆಚ್ಚು ಕಾದಿರುತ್ತದೆ, ಅಷ್ಟೆ. ಆ ಕಾವಿಗೆ ಸೋಲ್ಡರಿನೊಳಗಿನ ರಾಳ ತಾಮ್ರವನ್ನು ಶುಚಿ ಮಾಡುವ ಮೊದಲೇ ಹೊಗೆಯಾಗಿ ಹೋಗುತ್ತದೆ, ತುದಿ ಕಪ್ಪಾಗಿ ಸೋಲ್ಡರ್ ಹಿಡಿಯುವುದನ್ನೇ ಬಿಡುತ್ತದೆ. ತುದಿ ಕಪ್ಪಾದ ಮೇಲೆ ಶಾಖ ಇನ್ನೂ ಕಡಿಮೆ ದಾಟುತ್ತದೆ. ನನಗೆ ಅತ್ಯಂತ ಆಶ್ಚರ್ಯ ತಂದದ್ದು ಬೇರೆ. ಬಲವಿಲ್ಲದ ಐರನ್ ಬಲವಾದದ್ದಕ್ಕಿಂತ ಹೆಚ್ಚು ಸುಡುತ್ತದೆ. 60 ವ್ಯಾಟಿನದು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಏಳುತ್ತದೆ. 8 ವ್ಯಾಟಿನದನ್ನು ಮುಕ್ಕಾಲು ನಿಮಿಷ ಒತ್ತಿ ಹಿಡಿದಾಗ ಶಾಖ ಸುತ್ತಮುತ್ತ ಹರಿದು, ಕನೆಕ್ಟರಿನ ಪ್ಲಾಸ್ಟಿಕ್ ಮೆದುವಾಗುತ್ತದೆ, ತಂತಿಯ ಹೊದಿಕೆ ಹಿಂದೆ ಸರಿಯುತ್ತದೆ, ಬೋರ್ಡಿನ ತಾಮ್ರದ ಪದರ ಎದ್ದು ಬರುತ್ತದೆ. ಬೇಕಾದ ಬೆಸುಗೆ ಮಾತ್ರ ಆಗಿರುವುದಿಲ್ಲ.

ಬ್ಯಾಟರಿ ಇಳಿಯುವುದರ ವಿಷಯವನ್ನು ಯಾರೂ ಹೇಳುವುದಿಲ್ಲ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಕೆಲಸದ ಕೊನೆಯ ಹೊತ್ತಿಗೆ 3.4 ಆಗಿರುತ್ತದೆ. ನೋಡಲು ಐದರಲ್ಲಿ ಒಂದು ಪಾಲು ಇಳಿತ. ಆದರೆ ತುದಿಯನ್ನು ಕಾಯಿಸುವ ಸಾದಾ ಕಾಯಿಲಿನ (ತಂತಿಸುರುಳಿಯ) ಶಕ್ತಿ ವೋಲ್ಟೇಜಿನ ವರ್ಗದಂತೆ ಏರಿಳಿಯುತ್ತದೆ. ನನ್ನ ಐರನ್‌ನ ಕಾಯಿಲ್ 2 ಓಮ್. 4.2ರಲ್ಲಿ ಅದು 8.8 ವ್ಯಾಟ್, 3.4ರಲ್ಲಿ 5.8 ವ್ಯಾಟ್. ಮೂರರಲ್ಲಿ ಒಂದು ಪಾಲು ಹೋಗಿಯೇ ಬಿಟ್ಟಿತು. ದೀಪದ ಬಣ್ಣ ಬದಲಾಗಲಿಲ್ಲ, ತುದಿ ಖಾಲಿ ಗಾಳಿಯಲ್ಲಿ ಸೋಲ್ಡರ್ ಕರಗಿಸುವುದನ್ನೂ ಬಿಡಲಿಲ್ಲ. ಬೆಳಿಗ್ಗೆ ಆದ ಕೆಲಸ ಸಂಜೆ ಆಗುವುದಿಲ್ಲ, ಕೈ ಮಾತ್ರ ಅದೇ ಅಭ್ಯಾಸದಲ್ಲಿ ಅಷ್ಟೇ ಸೆಕೆಂಡ್ ಹಿಡಿದು ಬಿಡುತ್ತದೆ. ಆ ಆರಿದ್ರಾ ಮಳೆಯ ಸಂಜೆ ನನ್ನದು ದಿನದ ನಾಲ್ಕನೆಯ ಮೆಷಿನ್ ಆಗಿತ್ತು. ಒಳ್ಳೆಯ ಐರನ್‌ಗಳಲ್ಲಿ ವೋಲ್ಟೇಜ್ ಏರಿಸಿ ಸಮ ಮಾಡುವ ಸರ್ಕ್ಯೂಟ್ ಇರುತ್ತದೆ. ಒಂದೇ ಸೆಲ್ಲಿನ ಅಗ್ಗದವುಗಳಲ್ಲಿ ಸೆಲ್, ಸ್ವಿಚ್, ಕಾಯಿಲ್ ಇಷ್ಟೇ ಇರುವುದು ಹೆಚ್ಚು.

ಗಾಳಿ. ಅಂಗಡಿಯೊಳಗೆ ಪರೀಕ್ಷಿಸಿದವರಿಗೆ ಇದು ತಿಳಿಯುವುದಿಲ್ಲ. ಗದ್ದೆಯ ಬದುವಿನ ಮೇಲೆ ಸಣ್ಣ ತಂಗಾಳಿ ಬಂದರೂ ಎರಡು ಗ್ರಾಂ ತುದಿ ನಡುಗುತ್ತದೆ. ಮಳೆಗಾಲದಲ್ಲಂತೂ ತಂತಿಯ ಎಳೆಗಳ ನಡುವೆ ತೇವ ಇರುತ್ತದೆ. ನೀರನ್ನು ಆವಿ ಮಾಡುವುದಕ್ಕೆ ಹೋಗುವ ಶಾಖ ಬಹಳ, ಒಂದು ಗ್ರಾಂ ನೀರಿಗೆ 2,200 ಜೂಲಿಗೂ ಹೆಚ್ಚು. ಮೇಲೆ ಹೇಳಿದ ಲಗ್ ಕಾಯಿಸಲು ಬೇಕಾದ್ದರ ಮೂರು ಪಟ್ಟು ಒಂದು ಗ್ರಾಂ ನೀರು ತಿನ್ನುತ್ತದೆ. ಈಗ ನಾನು ತಂತಿಯ ತುದಿಯನ್ನು ಮೊದಲು ಲೈಟರಿನಲ್ಲಿ ಒಣಗಿಸಿ, ಹಸಿರು ಕಿಲುಬು ಇದ್ದರೆ ಅಷ್ಟನ್ನು ಕತ್ತರಿಸಿ ಬಿಸಾಡಿ, ಹೊಸ ತಾಮ್ರಕ್ಕೇ ಕೈ ಹಾಕುತ್ತೇನೆ.

ಚಿಕ್ಕ ತೊಂದರೆಗಳನ್ನೂ ಹೇಳಿಬಿಡುತ್ತೇನೆ, ಅವು ಒಟ್ಟಾದಾಗ ಚಿಕ್ಕದಲ್ಲ. ಜೊತೆಗೆ ಬಂದ ತುದಿ ಸೂಜಿಯಂತೆ ಮೊನೆಯಾಗಿರುತ್ತದೆ. ತಾಗುವ ಜಾಗವೇ ಇಲ್ಲದ ಮೇಲೆ ಶಾಖ ದಾಟುವುದು ಎಲ್ಲಿಂದ? ಉಳಿ ಆಕಾರದ ಚಪ್ಪಟೆ ತುದಿ ಬೇಕು. ಅದು ಹಾಸನದ ಅಂಗಡಿಗಳಲ್ಲಿ ಸಿಗಲಿಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ಹುಡುಕಿದ ಮೇಲೆ ಒಂದು ಸಿಕ್ಕಿತು. ಹಿಡಿ ಸೆಲ್ಲಿನ ದೆಸೆಯಿಂದ ದಪ್ಪ, ಹಿಡಿಯುವ ಜಾಗದಿಂದ ತುದಿ ದೂರ, ಹಾಗಾಗಿ ಕೈ ಅಲುಗುತ್ತದೆ. ಸ್ಟ್ಯಾಂಡ್ ಇಲ್ಲ. ಬಿಸಿ ಇರುವಾಗ ಮುಚ್ಚಳ ಹಾಕುವ ಹಾಗಿಲ್ಲ. ಗುಂಡನೆಯ ಹಿಡಿ ಉರುಳುತ್ತದೆ. ಏಪ್ರಿಲ್ ತಿಂಗಳಲ್ಲಿ ಕಾಫಿ ಗಿಡದ ಬುಡದಲ್ಲಿ ತರಗೆಲೆ ಮೊಣಕಾಲವರೆಗೆ ಇರುತ್ತದೆ. ಒಮ್ಮೆ ಪೆಟ್ಟಿಗೆಯ ಮೇಲಿಟ್ಟ ಐರನ್ ಉರುಳಿ ಅದರೊಳಗೆ ಬಿತ್ತು. ಹೊಗೆ ಏಳುವಷ್ಟರಲ್ಲಿ ತೆಗೆದೆ, ಆದರೆ ಆ ದಿನದ ಎದೆಬಡಿತ ಇನ್ನೂ ನೆನಪಿದೆ. ಇನ್ನೊಮ್ಮೆ ಬ್ಯಾಗಿನೊಳಗೆ ಬೇರೆ ಸಾಮಾನಿಗೆ ಒತ್ತಿಕೊಂಡು ತಾನೇ ಆನ್ ಆಗಿ ಮುಚ್ಚಳ ಕರಗಿತ್ತು. ಪಕ್ಕದಲ್ಲೇ ಲಿಥಿಯಂ ಸೆಲ್ ಇದೆ ಎಂಬುದನ್ನು ಮರೆಯಬೇಡಿ. ಆ ಸೆಲ್ ಬದಲಿಸಲು ಬರುವಂತೆ ಮಾಡಿಲ್ಲ, ಕಾಯಿಲಿನ ಕಾವು ಹಿಡಿಯ ಮೂಲಕ ಅದಕ್ಕೂ ತಲುಪುತ್ತಿರುತ್ತದೆ. ಹದಿನಾಲ್ಕು ತಿಂಗಳಿಗೆ ನನ್ನದರ ಸೆಲ್ ಅರ್ಧ ಹೊತ್ತು ಕೂಡ ಬಾಳುತ್ತಿರಲಿಲ್ಲ. ಚಾರ್ಜ್ ಮಾಡುವ ಸಾಕೆಟ್ ಅದಕ್ಕೂ ಮೊದಲೇ ಸಡಿಲವಾಗಿತ್ತು.

ಒಂದು ಒಳ್ಳೆಯ ಗುಣವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಕರೆಂಟಿನ ಐರನ್‌ನ ತುದಿಯಲ್ಲಿ ಲೀಕೇಜ್ ಇರುತ್ತದೆ, ಟೆಸ್ಟರ್ ಹಚ್ಚಿದರೆ ಮಿಣುಕುತ್ತದೆ. ಅದು ಬೋರ್ಡಿನಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ನಾಜೂಕು ಮಾಸ್‌ಫೆಟ್‌ಗಳನ್ನು ಕೊಂದುಬಿಡಬಲ್ಲದು. ಬ್ಯಾಟರಿಯದರಲ್ಲಿ ಆ ಭಯವಿಲ್ಲ. ಸಣ್ಣ ಸೆನ್ಸರ್ ತಂತಿ, ಎಲ್‌ಇಡಿ, ಅರ್ಧ ಸ್ಕ್ವೇರ್ ಎಂಎಂ ಒಳಗಿನ ವೈರು, ಏಣಿ ಮೇಲಿನ ಕೆಲಸ, ಇವಕ್ಕೆ ಇಂದಿಗೂ ನಾನು ಅದನ್ನೇ ಒಯ್ಯುತ್ತೇನೆ.

ನಾನು ಚಿಕ್ಕವನಿದ್ದಾಗ ನಮ್ಮೂರ ಸಂತೆಗೆ ತಗಡಿನ ಕೆಲಸದವರು ಒಬ್ಬರು ಬರುತ್ತಿದ್ದರು. ಸೋರುವ ಕೊಡ, ಬಕೆಟ್, ಸೀಮೆಎಣ್ಣೆ ಡಬ್ಬಿ ಎಲ್ಲದಕ್ಕೂ ಬೆಸುಗೆ ಹಾಕುತ್ತಿದ್ದರು. ಅವರ ಐರನ್‌ಗೆ ವಯರೂ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಕಬ್ಬಿಣದ ಸರಳಿನ ತುದಿಗೆ ಮುಷ್ಟಿಯಷ್ಟು ದಪ್ಪದ ತಾಮ್ರದ ಗಟ್ಟಿ. ಇದ್ದಿಲ ಕೆಂಡದಲ್ಲಿಟ್ಟು ಕಾಯಿಸಿ, ನವಸಾಗರದ ಮೇಲೆ ಉಜ್ಜಿ, ಒಂದೇ ಎಳೆತಕ್ಕೆ ಒಂದು ಗೇಣು ಬೆಸುಗೆ ಮುಗಿಸುತ್ತಿದ್ದರು. ಎರಡು ಗಟ್ಟಿ ಇರುತ್ತಿದ್ದವು, ಒಂದು ಕೈಯಲ್ಲಿ, ಒಂದು ಕೆಂಡದಲ್ಲಿ. ಅಷ್ಟು ಭಾರ ಯಾಕೆ ಹೊರುತ್ತಾರೆ ಎಂದು ಆಗ ಅನಿಸುತ್ತಿತ್ತು. 22 ಗ್ರಾಂ ಮತ್ತು 2 ಗ್ರಾಂ ತೂಗಿದ ದಿನ ಅವರ ತಾಮ್ರದ ಗಟ್ಟಿ ಕಣ್ಣ ಮುಂದೆ ಬಂತು.

ಕೊನೆಗೆ ದಾರಿ ಸಿಕ್ಕಿದ್ದು ಕಾಲ ಬುಡದಲ್ಲೇ. ಬೇಲಿಯ ಪೆಟ್ಟಿಗೆಯ ಕೆಳಗೆ 12 ವೋಲ್ಟ್, 40 ಆಂಪಿಯರ್ ಅವರ್ ಬ್ಯಾಟರಿ ಕೂತಿರುತ್ತದೆ. ಅಂದರೆ 480 ವ್ಯಾಟ್ ಅವರ್. ನನ್ನ ಐರನ್‌ನ ಹಿಡಿಯೊಳಗಿನ 2,000 ಮಿಲಿ ಆಂಪಿಯರ್ ಅವರ್ ಸೆಲ್ಲಿನಲ್ಲಿರುವುದು ಏಳೂವರೆಯೂ ಇಲ್ಲ. ಅರವತ್ತು ಪಟ್ಟಿಗೂ ಹೆಚ್ಚಿನ ಶಕ್ತಿಯ ಪಕ್ಕದಲ್ಲಿ ಮಂಡಿಯೂರಿ ಕೂತು ನಾನು ಆ ಒಂದು ಸೆಲ್ಲನ್ನು ನೆಚ್ಚಿಕೊಂಡಿದ್ದೆ.

ಈಗ ಬಳಸುವುದು 12ರಿಂದ 24 ವೋಲ್ಟ್ ಡಿಸಿಯಲ್ಲಿ ನಡೆಯುವ ಐರನ್. ಕಾಯಿಲೂ ಸೆನ್ಸರೂ ತುದಿಯೊಳಗೇ ಇರುವುದರಿಂದ ಶಾಖ ಸೋರದೆ ಬೇಕಾದಲ್ಲಿಗೆ ತಲುಪುತ್ತದೆ, ತುದಿ ತಣ್ಣಗಾದದ್ದು ತಕ್ಷಣ ಅದಕ್ಕೆ ತಿಳಿಯುತ್ತದೆ. ಅದರ ಕಾಯಿಲ್ 8 ಓಮ್. ಬೇಲಿಯ ಬ್ಯಾಟರಿಗೆ ಹಾಕಿದರೆ 20 ವ್ಯಾಟಿನ ಹತ್ತಿರ ಬರುತ್ತದೆ, ಬೋರ್ಡಿನ ಬಹುಪಾಲು ಕೆಲಸಕ್ಕೆ ಸಾಕು. ದಪ್ಪದ್ದಕ್ಕೆ ನನ್ನ ಡ್ರಿಲ್ಲಿಂಗ್ ಮೆಷಿನ್ನಿನ 18 ವೋಲ್ಟ್ ಪ್ಯಾಕ್ ಒಯ್ಯುತ್ತೇನೆ, ಆಗ 40 ವ್ಯಾಟ್. ಎರಡು ಎಚ್ಚರಿಕೆ ಇದೆ. ಬಹಳ ಡ್ರಿಲ್ಲುಗಳಲ್ಲಿ ಬ್ಯಾಟರಿ ಪೂರ್ತಿ ಇಳಿಯದಂತೆ ತಡೆಯುವ ಸರ್ಕ್ಯೂಟ್ ಪ್ಯಾಕಿನಲ್ಲಿರದೆ ಡ್ರಿಲ್ಲಿನಲ್ಲಿರುತ್ತದೆ. ಪ್ಯಾಕಿನಿಂದ ನೇರ ತಂತಿ ಎಳೆದರೆ ಸೆಲ್‌ಗಳು ಸಾಯುವವರೆಗೆ ಇಳಿದಾವು. ನಾನು ಐರನ್‌ನಲ್ಲಿ ಕನಿಷ್ಠ ವೋಲ್ಟೇಜ್ 16ಕ್ಕೆ ಇಟ್ಟಿದ್ದೇನೆ, ತಂತಿಗೆ 5 ಆಂಪಿಯರ್ ಫ್ಯೂಸ್ ಹಾಕಿದ್ದೇನೆ. ಇನ್ನೊಂದು, ಲೆಡ್ ಆಸಿಡ್ ಬ್ಯಾಟರಿಯ ಬಾಯಿಯಲ್ಲಿ ಹೈಡ್ರೋಜನ್ ಇರಬಹುದು. ಮೊಸಳೆ ಕ್ಲಿಪ್ಪನ್ನು ಅಲ್ಲೇ ಕಿಡಿ ಹಾರಿಸುತ್ತ ಸಿಕ್ಕಿಸದೆ, ಕ್ಲಿಪ್ ಮೊದಲು ಹಾಕಿ, ಐರನ್‌ನ ಪ್ಲಗ್ಗನ್ನು ದೂರದಲ್ಲಿ ಆಮೇಲೆ ಸೇರಿಸಬೇಕು.

ಬೇಲಿ ಮೆಷಿನ್ನಿಗೆ ಕೈ ಹಾಕುವವರಿಗೆ ಇದನ್ನೂ ಹೇಳಲೇಬೇಕು. ಬ್ಯಾಟರಿ ಬಿಚ್ಚಿದ ಮೇಲೂ ಒಳಗಿನ, ವಿದ್ಯುತ್ ಕೂಡಿಡುವ ಕೆಪಾಸಿಟರ್ ನೂರಾರು ವೋಲ್ಟ್ ಹಿಡಿದಿರಬಹುದು. ಸ್ಕ್ರೂಡ್ರೈವರಿನಲ್ಲಿ ಶಾರ್ಟ್ ಮಾಡಬೇಡಿ. ಕೆಲವು ಕಿಲೋ ಓಮಿನ ದಪ್ಪ ರೆಸಿಸ್ಟರ್ ಹಚ್ಚಿ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಿ.

ಇನ್ನೂ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. 2.5 ಸ್ಕ್ವೇರ್ ಎಂಎಂಗಿಂತ ದಪ್ಪದ ತಂತಿಗೆ ಹೊಲದಲ್ಲಿ ಸೋಲ್ಡರ್ ಹಾಕುವುದನ್ನೇ ಬಿಟ್ಟಿದ್ದೇನೆ. ಲಗ್ ಹಾಕಿ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಬೋಲ್ಟಿಗೆ ಬಿಗಿದು, ಮೇಲೆ ಗ್ರೀಸ್ ಸವರುತ್ತೇನೆ. ಶಾಖವೇ ಬೇಡದ ಜೋಡಣೆಗೆ ಮಳೆ ಗಾಳಿಯ ಹಂಗಿಲ್ಲ. ಪ್ರತಿ ಜೋಡಣೆಯನ್ನೂ ಮುಚ್ಚಳ ಹಾಕುವ ಮೊದಲು ಎರಡು ಬೆರಳಲ್ಲಿ ತಿರುಗಿಸಿ, ಎಳೆದು ನೋಡುತ್ತೇನೆ. ಆ ಸಂಜೆ ಇದೊಂದನ್ನು ಮಾಡಿದ್ದರೂ ಸಾಕಿತ್ತು.

ಬಾಳೆ ಹೋದ ವಾರವೇ ಹಳೆಯ ಬಿಲ್ ಪುಸ್ತಕ ತೆಗೆದು, ಆ ಐರನ್‌ನಲ್ಲಿ ದಪ್ಪ ತಂತಿಗೆ ಸೋಲ್ಡರ್ ಹಾಕಿದ ಜಾಗಗಳನ್ನೆಲ್ಲ ಪಟ್ಟಿ ಮಾಡಿದೆ. ಇಪ್ಪತ್ತಮೂರು ಪೆಟ್ಟಿಗೆ. ಆ ಕಡೆ ಹೋದಾಗಲೆಲ್ಲ ಒಂದೊಂದನ್ನು ಬಿಚ್ಚಿ, ದುಡ್ಡು ತೆಗೆದುಕೊಳ್ಳದೆ ಮತ್ತೆ ಮಾಡುತ್ತಿದ್ದೇನೆ. ಹತ್ತೊಂಬತ್ತು ಮುಗಿದಿವೆ. ಅವುಗಳಲ್ಲಿ ಏಳರಲ್ಲಿ ತಂತಿ ಬೆರಳಿಗೇ ಬಿಟ್ಟುಕೊಂಡಿತು. ಉಳಿದ ನಾಲ್ಕು ಹಳ್ಳದ ಆಚೆ ಇವೆ. ಭರಣಿ ಮಳೆ ಬೀಳುವ ಮೊದಲು ಅವನ್ನೂ ಮುಗಿಸಬೇಕು.